ನೀರಿನ ಮೇಲ್ಮೈ ತೊಳೆಯುವವಳು

ಆದೋನಿಯಿಂದ ಸಿರುಗುಪ್ಪದ ಕಡೆ ಹೋಗುವ ಬಸ್ಸು ಹತ್ತಿದರೆ ದಾರಿಯಲ್ಲಿ ಪೆದ್ದಹರಿವಾಣಂ ಸಿಗುತ್ತದೆ. ತೆಲುಗು ಸೀಮೆಯಲ್ಲಿದ್ದರೂ ಕನ್ನಡ ಮಾತಾಡುವ ದೊಡ್ಡ ಊರು. ಅಲ್ಲಿನ ಗೋವಿಂದಪ್ಪನ ಮಗಳು ಮಹೇಶ್ವರಿ ಜರ್ಮನಿಯಲ್ಲಿ ಏನು ಕೆಲಸ ಮಾಡುತ್ತಾಳೆಂದು ಊರಿನವರನ್ನು ಕೇಳಿದರೆ ಬಹಳ ಜನ ನರ್ಸ್ ಎನ್ನುತ್ತಾರೆ. ಈ ಸೀಮೆಯಿಂದ ಆ ದೇಶಕ್ಕೆ ಹೋದ ಹೆಣ್ಣುಮಕ್ಕಳು ಹೆಚ್ಚಿನವರು ಆಸ್ಪತ್ರೆಗಳಿಗೇ ಹೋದವರು, ಹಾಗಾಗಿ ಇವಳೂ ಅದೇ ಇರಬೇಕೆಂದು ಅವರ ಎಣಿಕೆ. ಶಾಲೆಯ ಮೇಷ್ಟ್ರುಗಳು ವಿಜ್ಞಾನಿ ಎನ್ನುತ್ತಾರೆ. ಗೋವಿಂದಪ್ಪನನ್ನೇ ಕೇಳಿದರೆ ಬೀಡಿ ಆರಿಸಿ, “ನೀರು ತೊಳೀತಾಳ” ಎನ್ನುತ್ತಾನೆ. ಕೇಳಿದವರು ನಗುತ್ತಾರೆ. ಆದರೆ ನಿಜಕ್ಕೆ ಹತ್ತಿರವಾದದ್ದು ಅವನ ಮಾತೇ.

ಗೋವಿಂದಪ್ಪ ಕೂಲಿ ಮಾಡುತ್ತಿದ್ದವನು. ಸ್ವಂತದ್ದೆಂದು ಒಂದು ತುಂಡು ಎರೆಹೊಲವೂ ಇತ್ತು. ಹೆಂಡತಿ ಪಕೀರಮ್ಮ ಸುಗ್ಗಿಯ ತಿಂಗಳುಗಳಲ್ಲಿ ಹತ್ತಿಯಿಂದ ಕಾಳು ಬೇರ್ಪಡಿಸುವ ಆದೋನಿಯ ಜಿನ್ನಿಂಗ್ ಮಿಲ್ಲಿಗೆ ಹೋಗುತ್ತಿದ್ದಳು. ಬೆಳಗಿನ ಆಟೋದಲ್ಲಿ ಹತ್ತು ಹನ್ನೆರಡು ಹೆಂಗಸರು ಒತ್ತಾಗಿ ಕೂತು ಹೋಗಿ, ಸಂಜೆ ತಲೆ, ಹುಬ್ಬು, ರೆಪ್ಪೆಯೆಲ್ಲ ಬೆಳ್ಳಗಾಗಿ ಮರಳುತ್ತಿದ್ದರು. ಪಕೀರಮ್ಮನಿಗೆ ಒಂದು ವಿಚಿತ್ರ ತೊಂದರೆ ಇತ್ತು. ಬಿಡದೆ ಕೆಲಸ ಮಾಡುವಷ್ಟು ದಿನ ಏನೂ ಆಗುತ್ತಿರಲಿಲ್ಲ. ಒಂದು ದಿನ ರಜೆ ಮಾಡಿ ಮರುದಿನ ಮಿಲ್ಲಿಗೆ ಹೋದಳೆಂದರೆ ಎದೆ ಬಿಗಿದುಕೊಳ್ಳುತ್ತಿತ್ತು. ಅದಕ್ಕೆ ಅವಳು ಕಂಡುಕೊಂಡಿದ್ದ ಮದ್ದು ರಜೆ ಮಾಡದೇ ಇರುವುದು.

ಮಹೇಶ್ವರಿ ಊರಿನ ಕನ್ನಡ ಶಾಲೆಯಲ್ಲಿ ಓದಿದಳು. ಆಮೇಲೆ ಆದೋನಿಯಲ್ಲಿ ಇಂಟರು, ಡಿಗ್ರಿ. ಪಾಠ ಇಂಗ್ಲಿಷಿನಲ್ಲಿ, ಅದರ ಅರ್ಥ ತೆಲುಗಿನಲ್ಲಿ, ಮನೆಗೆ ಬಂದು ನೆನಪಿಟ್ಟುಕೊಳ್ಳುವುದು ಕನ್ನಡದಲ್ಲಿ. ರಸಾಯನಶಾಸ್ತ್ರ ಅವಳಿಗೆ ಬಹಳ ಇಷ್ಟವೆಂದೇನೂ ಇರಲಿಲ್ಲ; ಬಾಯಿಪಾಠ ಕಡಿಮೆ ಇದ್ದ ಕಾರಣ ತೆಗೆದುಕೊಂಡಿದ್ದಳು. ಡಿಗ್ರಿ ಮುಗಿದ ವರ್ಷ ಸಿರುಗುಪ್ಪದ ಹುಡುಗನಿಗೆ ಕೊಟ್ಟು ಮದುವೆ ಮಾಡಿದರು. ಎರಡನೆಯ ಬೇಸಿಗೆಯಲ್ಲಿ ಒಂದು ದಿನ ಅವಳು ಬಟ್ಟೆಯ ಗಂಟಿನೊಂದಿಗೆ ತವರಿಗೆ ಬಂದಳು. ಹಿರಿಯರು ಎರಡು ಸಲ ಕೂಡಿ ಮಾತಾಡಿದರು. ಏನಾಯಿತೆಂದು ಅವಳು ಯಾರಿಗೂ ಬಿಡಿಸಿ ಹೇಳಲಿಲ್ಲ. ಮರಳಿ ಹೋಗುವುದಿಲ್ಲ ಎಂದಷ್ಟೇ ಹೇಳಿದಳು. ಗೋವಿಂದಪ್ಪ, “ಆಕಿ ಒಲ್ಲೆ ಅಂದ ಮ್ಯಾಲೆ ಮುಗೀತು” ಎಂದು ಎದ್ದು ಹೊಲಕ್ಕೆ ಹೋದ. ಬಿಡುಗಡೆ ಪತ್ರವಾಯಿತು.

ಆಮೇಲೆ ಅವಳು ಆದೋನಿಯ ಹತ್ತಿಕಾಳು ಎಣ್ಣೆ ಮಿಲ್ಲೊಂದರಲ್ಲಿ ಪರೀಕ್ಷಾ ಕೋಣೆಯ ಕೆಲಸಕ್ಕೆ ಸೇರಿದಳು. ಬರುವ ಎಣ್ಣೆಯ ಬಣ್ಣ ನೋಡುವುದು, ಹುಳಿ ಎಷ್ಟಿದೆ ಎಂದು ಅಳೆಯುವುದು. ಕೆಲಸ ಹೇಳಿಕೊಟ್ಟವನು ಮರಿಬಸಪ್ಪ ಎಂಬ ಹಿರಿಯ, ಮಿತಭಾಷಿ. ಹತ್ತಿಕಾಳಿನ ಎಣ್ಣೆ ಮೊದಲು ಕಪ್ಪಗಿರುತ್ತದೆ. ಅದಕ್ಕೆ ಕ್ಷಾರದ ನೀರು ಸೇರಿಸಿ ಕಲಕಿ ಬಿಟ್ಟರೆ ಕೊಳೆಯೆಲ್ಲ ಸಾಬೂನಿನಂತಾಗಿ ಕೆಳಗಿಳಿದು, ತಿಳಿ ಎಣ್ಣೆ ಮೇಲೆ ನಿಲ್ಲಬೇಕು. ಕೆಲವು ಸಲ ಹಾಗಾಗುವುದಿಲ್ಲ. ನಡುವೆ ಮೊಸರಿನಂಥ ಒಂದು ಪದರ ಹುಟ್ಟಿಕೊಂಡು, ಎಣ್ಣೆಯನ್ನು ಮೇಲೆ ಬಿಡದೆ, ನೀರನ್ನು ಕೆಳಗೆ ಬಿಡದೆ ಹಟ ಹಿಡಿದು ನಿಲ್ಲುತ್ತದೆ. ಆಗ ಮಿಲ್ಲೆಲ್ಲ ಕಾಯಬೇಕು. ಮಹೇಶ್ವರಿ ಆ ಪದರವನ್ನು ಗಾಜಿನ ಪಾತ್ರೆಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡುತ್ತಿದ್ದಳು. ಅದು ಎಣ್ಣೆಯೋ ನೀರೋ ಎಂದು ಕೇಳಿದರೆ ಮರಿಬಸಪ್ಪ, ಅದು ಎರಡರ ಜಗಳ ಎನ್ನುತ್ತಿದ್ದ.

ಜರ್ಮನಿಯ ಸುದ್ದಿ ಅವಳ ಕಿವಿಗೆ ಬಿದ್ದದ್ದು ಕಾಲೇಜಿನ ಗೆಳತಿಯೊಬ್ಬಳಿಂದ. ಆಕೆ ಹೈದರಾಬಾದಿನಲ್ಲಿ ಜರ್ಮನ್ ಕಲಿತು ನರ್ಸಿಂಗ್ ತರಬೇತಿಗೆ ಹೊರಟಿದ್ದಳು. ಅಲ್ಲಿ ಕೈಕೆಲಸ ಕಲಿಯುವವರಿಗೂ ಸಂಬಳ ಕೊಡುತ್ತಾರಂತೆ, ಪ್ರಯೋಗಶಾಲೆಯ ಕೆಲಸಕ್ಕೂ ಅಂಥ ತರಬೇತಿ ಇದೆಯಂತೆ ಎಂದಳು. ಮಹೇಶ್ವರಿ ಫೋನಿನಲ್ಲೇ ಭಾಷೆ ಕಲಿಯತೊಡಗಿದಳು. ಹೈದರಾಬಾದಿನ ಟೀಚರಮ್ಮ ತೆಲುಗು ಮತ್ತು ಇಂಗ್ಲಿಷು ಬೆರೆಸಿ ಹೇಳಿಕೊಡುತ್ತಿದ್ದಳು. ಜರ್ಮನ್ ವಾಕ್ಯದಲ್ಲಿ ಕೆಲವು ಕಡೆ ಕ್ರಿಯಾಪದ ತುದಿಗೆ ಹೋಗಿ ನಿಲ್ಲುತ್ತದೆ. ಇಂಗ್ಲಿಷಿನಲ್ಲೇ ಯೋಚಿಸುವ ನಗರದ ಹುಡುಗಿಯರು ಅಲ್ಲಿ ಎಡವುತ್ತಿದ್ದರು. ಮಹೇಶ್ವರಿಗೆ ಅದು ಮನೆಯ ಮಾತಿನಂತೆಯೇ ಇತ್ತು. ಎಡವಿದ್ದು ಬೇರೆ ಕಡೆ: ಚಮಚ ಗಂಡು, ಮುಳ್ಳುಚಮಚ ಹೆಣ್ಣು, ಚಾಕು ಎರಡೂ ಅಲ್ಲ ಎಂಬುದನ್ನು ಒಪ್ಪಿಕೊಳ್ಳಲು ಅವಳಿಗೆ ಬಹಳ ಕಾಲ ಹಿಡಿಯಿತು.

ಬರ್ಲಿನ್ನಿನಿಂದ ಸ್ವಲ್ಪ ದೂರದ ಒಂದು ಊರಿನಲ್ಲಿದ್ದ ಸಂಶೋಧನಾಲಯಕ್ಕೆ ಅವಳು ಅರ್ಜಿ ಹಾಕಿದಳು. ಮೃದು ದ್ರವ್ಯಗಳನ್ನೂ ಮೇಲ್ಮೈಗಳನ್ನೂ ಅಭ್ಯಾಸ ಮಾಡುವ ಸಂಸ್ಥೆ ಅದು. ಕಲ್ಲಿನಂತೆ ಗಟ್ಟಿಯೂ ಅಲ್ಲದ, ನೀರಿನಂತೆ ತೆಳುವೂ ಅಲ್ಲದ ಪದಾರ್ಥಗಳೆಲ್ಲ ಅವರ ಪಾಲಿಗೆ ಮೃದು ದ್ರವ್ಯ: ನೊರೆ, ಗಂಜಿ, ಬೆಣ್ಣೆ, ಅಂಟು, ರಕ್ತ. ಒಂದು ಮುಗಿದು ಇನ್ನೊಂದು ಸುರುವಾಗುವ ಗಡಿಯಲ್ಲಿ ಏನು ನಡೆಯುತ್ತದೆ ಎಂಬುದು ಮೇಲ್ಮೈ ವಿಜ್ಞಾನ. ಇದನ್ನೆಲ್ಲ ಅವಳು ಅಂತರ್ಜಾಲದಲ್ಲಿ ಓದಿದ್ದಳು, ಅರ್ಧ ತಿಳಿದಿತ್ತು. ಸಂದರ್ಶನವನ್ನು ಮಿಲ್ಲಿನ ಪರೀಕ್ಷಾ ಕೋಣೆಯಲ್ಲೇ ಕೂತು ಕೊಟ್ಟಳು. ಮರಿಬಸಪ್ಪ ಹೊರಗೆ ನಿಂತು ಯಾರನ್ನೂ ಒಳಗೆ ಬಿಡಲಿಲ್ಲ. ಆ ಕಡೆ ಪರದೆಯಲ್ಲಿ ಹೈಕೆ ಎಂಬ ಬಿಳಿಗೂದಲ ಹೆಂಗಸು, ಪ್ರಯೋಗಶಾಲೆಯ ಉಸ್ತುವಾರಿ. ನಮ್ಮಲ್ಲಿಗೇ ಏಕೆ ಬರಬೇಕು ಎಂದು ಕೇಳಿದಳು. ಮಹೇಶ್ವರಿ ಸಿದ್ಧ ಮಾಡಿಕೊಂಡಿದ್ದ ಉತ್ತರ ಮರೆತುಹೋಯಿತು. ಎಣ್ಣೆ ಮತ್ತು ನೀರಿನ ನಡುವೆ ಹಟ ಹಿಡಿದು ನಿಲ್ಲುವ ಆ ಪದರದ ವಿಷಯ ಹೇಳಿದಳು. ಹೈಕೆ ಪೂರ್ತಿ ಕೇಳಿಸಿಕೊಂಡು, ಅದಕ್ಕಾಗಿಯೇ ನಾವು ಒಂದು ಕಟ್ಟಡ ಕಟ್ಟಿಕೊಂಡಿದ್ದೇವೆ ಎಂದಳು.

ಮಗಳು ಜರ್ಮನಿಗೆ ಹೊರಡುವ ಹಿಂದಿನ ದಿನ ಪಕೀರಮ್ಮ ರಜೆ ಹಾಕಿದಳು. ಮರುದಿನ ಮಗಳನ್ನು ಕಳಿಸಿ ಮಿಲ್ಲಿಗೆ ಹೋದಾಗ ಎದೆ ಬಿಗಿಯಿತು.

ಸಂಶೋಧನಾಲಯದಲ್ಲಿ ಮಹೇಶ್ವರಿಗೆ ಮೊದಲು ಕಲಿಸಿದ್ದು ತೊಳೆಯುವುದನ್ನು. ಬಿಳಿಯ, ಆಳವಿಲ್ಲದ, ಒಂದು ಕೈಯಗಲದ ತೊಟ್ಟಿ ಇತ್ತು. ಅದರಲ್ಲಿ ಅತಿ ಶುದ್ಧ ನೀರು ತುಂಬಿ, ಮೇಲೆ ಒಂದು ಹನಿ ದ್ರಾವಣ ಬಿಟ್ಟರೆ ಅದು ಹರಡಿ, ಒಂದೇ ಅಣುವಿನಷ್ಟು ದಪ್ಪದ ಪೊರೆಯಾಗುತ್ತದೆ. ಎರಡು ಪಟ್ಟಿಗಳು ಎರಡೂ ಕಡೆಯಿಂದ ಬಂದು ಆ ಪೊರೆಯನ್ನು ಒತ್ತುತ್ತವೆ. ಅದು ಎಷ್ಟು ಎದುರು ಒತ್ತುತ್ತದೆ ಎಂಬುದು ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಬೆರಳಿನ ಜಿಡ್ಡಿನ ಕಣಕ್ಕಿಂತ ಕಡಿಮೆ ಕೊಳೆ ಬಿದ್ದರೂ ಗೆರೆ ಸುಳ್ಳು ಹೇಳುತ್ತದೆ. ಅದಕ್ಕಾಗಿ ತೊಟ್ಟಿ ಒರೆಸಿ, ನೀರು ತುಂಬಿ, ಕೊನೆಗೆ ಸಣ್ಣ ಗಾಜಿನ ಕೊಳವೆಯಿಂದ ನೀರಿನ ಮೇಲ್ಪದರವನ್ನು ಮಾತ್ರ ಹೀರಿ ತೆಗೆಯಬೇಕು. ನೀರಿನ ಮೇಲ್ಮೈಯನ್ನೇ ತೊಳೆಯುವುದು. ಇದನ್ನು ಅವಳು ಫೋನಿನಲ್ಲಿ ಅಪ್ಪನಿಗೆ ಹೇಳಿದಾಗ ಗೋವಿಂದಪ್ಪ, ನೀರನ್ನು ಯಾತರಿಂದ ತೊಳೆಯುತ್ತೀರಿ ಎಂದು ಕೇಳಿದ್ದ.

ಆ ತೊಟ್ಟಿಯಲ್ಲಿ ಕೆಲಸ ಮಾಡುತ್ತಿದ್ದ ಸಂಶೋಧನಾ ವಿದ್ಯಾರ್ಥಿ ಭಾರ್ಗವ. ಒಂದು ಮಧ್ಯಾಹ್ನ ಅವನು ಮೊಗಸಾಲೆಯಲ್ಲಿ ಫೋನಿನಲ್ಲಿ ಮಾತಾಡುತ್ತ, ಹೊಳಿ ತುಂಬೇದೇನು ಎಂದು ಕೇಳುತ್ತಿದ್ದ. ಗಾಜಿನ ಸೀಸೆಗಳ ತಟ್ಟೆ ಹಿಡಿದು ಬರುತ್ತಿದ್ದ ಮಹೇಶ್ವರಿ ನಿಂತುಬಿಟ್ಟಳು. ಅವನು ಮಂತ್ರಾಲಯದವನು. ತಂದೆ ಸೇತುಮಾಧವರು ಅಲ್ಲಿನ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಆದೋನಿ ಎಂದೊಡನೆ ಅವನಿಗೆ ಖುಷಿಯಾಯಿತು. ಪೆದ್ದಹರಿವಾಣಂ ಎಂದಾಗ, ಅಲ್ಲಿ ಯಾರ ಪೈಕಿ ಎಂದು ಕೇಳಿದ. ಅವಳು ಅಪ್ಪನ ಹೆಸರು ಹೇಳಿದಳು. ಹೆಸರಿನಿಂದ ತಿಳಿಯಬೇಕಾದದ್ದು ತಿಳಿಯಿತು. ಅವನು ಮತ್ತೆ ಕೇಳಲಿಲ್ಲ.

ಎಲ್ಲರ ಮುಂದೆ ಜರ್ಮನ್ ಮಾತಾಡುವಾಗ ಅವಳು ಅವನನ್ನು ಅಲ್ಲಿನ ಪದ್ಧತಿಯಂತೆ ಬರೀ ಹೆಸರು ಹಿಡಿದು, ಏಕವಚನದಲ್ಲಿ ಕರೆಯುತ್ತಿದ್ದಳು. ಕನ್ನಡಕ್ಕೆ ತಿರುಗಿದ ಕೂಡಲೆ ‘ರೀ’ ಬಂದುಬಿಡುತ್ತಿತ್ತು. ಅವಳ ಮಾತಿನಲ್ಲಿ ‘ಐತಿ’, ಅವನದರಲ್ಲಿ ‘ಅದ’. ಊಟಕ್ಕೆ ಒಂದೇ ಮೇಜಿಗೆ ಕೂಡುತ್ತಿದ್ದರು. ಅವನದು ಮನೆಯಲ್ಲಿ ತಾನೇ ಬೇಯಿಸಿ ತಂದ ಡಬ್ಬಿ, ಅವಳದು ಕ್ಯಾಂಟೀನಿನ ತಟ್ಟೆ. ಅವನು ಈರುಳ್ಳಿ ತಿನ್ನುವುದನ್ನು ಅಲ್ಲಿಗೆ ಬಂದ ಮೇಲೆ ಕಲಿತಿದ್ದ, ಏಕಾದಶಿಯನ್ನು ಬಿಟ್ಟಿರಲಿಲ್ಲ.

ಅವನ ಅಭ್ಯಾಸದ ವಿಷಯ ಶ್ವಾಸಕೋಶದ ಒಳಪೊರೆ. ಉಸಿರು ಬಿಟ್ಟಾಗ ಎದೆಯೊಳಗಿನ ಸಣ್ಣ ಸಣ್ಣ ಗಾಳಿಚೀಲಗಳು ಮುದುಡಿ ಅಂಟಿಕೊಳ್ಳದಂತೆ ತೆಳುವಾದ ಒಂದು ಪೊರೆ ಕಾಯುತ್ತದೆ. ಅಂಥದೇ ಪೊರೆಯನ್ನು ನೀರಿನ ಮೇಲೆ ಹರಡಿ, ಗಾಳಿಯ ದೂಳು ಅದನ್ನು ಏನು ಮಾಡುತ್ತದೆ ಎಂದು ಅವನು ನೋಡುತ್ತಿದ್ದ. ಮಹೇಶ್ವರಿ ಒಮ್ಮೆ, ಹತ್ತಿಯ ದೂಳು ಹಾಕಿ ನೋಡಬಹುದಾ ಎಂದು ಕೇಳಿದಳು. ಅದು ಬೇರೆಯೇ ಅಭ್ಯಾಸವಾಗುತ್ತದೆ, ಒಪ್ಪಿಗೆ ಬೇಕಾಗುತ್ತದೆ ಎಂದ. ಏಕೆ ಕೇಳಿದಿರಿ ಎಂದು ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಎರಡನೆಯ ವರ್ಷದ ಚಳಿಗಾಲದಲ್ಲಿ ಮಹೇಶ್ವರಿಯ ಕೈ ಒಡೆದವು. ಬಿಸಿನೀರು, ದ್ರಾವಕ, ಹೊರಗಿನ ಮಂಜು ಮೂರೂ ಸೇರಿ ಬೆರಳ ಗೆಣ್ಣುಗಳಲ್ಲಿ ಸೀಳು ಬಿಟ್ಟು ರಕ್ತ ಬರುತ್ತಿತ್ತು. ಊರಿನಿಂದ ತಂದಿದ್ದ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಇತ್ತು. ಅದನ್ನು ದಿನವೂ ಹಚ್ಚಿಕೊಂಡು, ಬೆಳಗ್ಗೆ ಕೈ ತೊಳೆದು, ಗ್ಲೌಸು ಹಾಕಿಕೊಂಡು ಕೆಲಸ ಮಾಡುತ್ತಿದ್ದಳು. ತೊಟ್ಟಿಯ ನೀರು ಯಾವಾಗ ಪರೀಕ್ಷಿಸಿದರೂ ಶುದ್ಧವಾಗಿಯೇ ಇತ್ತು.

ಸಂಕ್ರಾಂತಿ ಕಳೆದ ಮೇಲೆ ಅವಳು ಕೆಲವು ದಿನ ತರಬೇತಿಯ ಶಾಲೆಗೆ ಹೋಗಬೇಕಾಯಿತು. ಆ ದಿನಗಳಲ್ಲಿ ದ್ರಾವಣದ ಸೀಸೆಗಳನ್ನು ಹೈಕೆಯೇ ತೊಳೆದಳು. ಮರಳಿ ಬಂದಾಗ ಪ್ರಯೋಗಶಾಲೆಯಲ್ಲಿ ಗಲಿಬಿಲಿ. ಭಾರ್ಗವನ ಗೆರೆಗಳು ಬದಲಾಗಿದ್ದವು. ದೂಳು ಪೊರೆಯನ್ನು ಬಲವಾಗಿ ಕೆಡಿಸುತ್ತದೆ ಎಂದು ಅವನು ಕಂಡುಕೊಂಡಿದ್ದ. ಈಗ ಅಷ್ಟೇನೂ ಕೆಡಿಸುತ್ತಿರಲಿಲ್ಲ. ಹುಡುಕಿದಾಗ ಒಂದು ಕಾರಣ ಸಿಕ್ಕಿತು. ಅದೇ ದಿನಗಳಲ್ಲಿ, ದ್ರಾವಣಕ್ಕೆ ಬಳಸುವ ಕ್ಲೋರೋಫಾರ್ಮಿನ ಹಳೆಯ ಬಾಟಲಿ ಮುಗಿದು ಹೊಸದು ತೆರೆದಿದ್ದರು. ಹಳೆಯದರಲ್ಲಿ ಕೊಳೆ ಇದ್ದಿರಬೇಕು ಎಂದು ತೀರ್ಮಾನವಾಯಿತು. ಆ ಬಾಟಲಿಯಿಂದ ಮಾಡಿದ್ದನ್ನೆಲ್ಲ ತೆಗೆದುಹಾಕಿ, ಅದಕ್ಕೂ ಮುಂಚಿನದನ್ನು ಇಟ್ಟುಕೊಳ್ಳುವುದೆಂದು ಭಾರ್ಗವ ನಿರ್ಧರಿಸಿದ. ಸ್ವಲ್ಪ ಹಾಳಾಯಿತು, ಬಹಳ ಉಳಿಯಿತು ಎಂದು ಎಲ್ಲರೂ ಸಮಾಧಾನ ಮಾಡಿಕೊಂಡರು.

ಮಹೇಶ್ವರಿಗೆ ಮಾತ್ರ ಸಮಾಧಾನವಾಗಲಿಲ್ಲ. ಮರುದಿನ ಬೆಳಗ್ಗೆ ಗ್ಲೌಸು ಎಳೆದುಕೊಳ್ಳುವಾಗ ತನ್ನ ಕೈ ತಾನು ನೋಡಿದಳು. ಬಲಗೈಯ ಗ್ಲೌಸನ್ನು ಎಡಗೈಯ ಬರಿಬೆರಳು ಹಿಡಿದು ಎಳೆಯುತ್ತಿತ್ತು. ತೊಳೆದರೂ ಸೀಳುಗಳಲ್ಲಿ ಎಣ್ಣೆ ಉಳಿದೇ ಇತ್ತು. ಅದೇ ಗ್ಲೌಸಿನ ತುದಿಯಿಂದ ಅವಳು ಸೀಸೆಗಳ ಬಾಯಿ ಮುಚ್ಚುತ್ತಿದ್ದಳು. ತೊಟ್ಟಿಯ ನೀರು ಶುದ್ಧವೇ ಇತ್ತು. ಅದರ ಮೇಲೆ ಬಿಡುವ ಹನಿಯೊಂದಿಗೆ ಎಣ್ಣೆ ಹೋಗುತ್ತಿತ್ತು.

ಹೊಸ ಬಾಟಲಿಯಿಂದಲೇ ಅವಳು ಎರಡು ಸೀಸೆ ಸಿದ್ಧ ಮಾಡಿದಳು. ಒಂದನ್ನು ತನ್ನ ಎಂದಿನ ರೀತಿಯಲ್ಲಿ, ಇನ್ನೊಂದನ್ನು ಗ್ಲೌಸಿನ ಮೇಲೆ ಇನ್ನೊಂದು ಗ್ಲೌಸು ಹಾಕಿ. ಹೈಕೆಯ ಅಪ್ಪಣೆ ಪಡೆದು, ಅಭ್ಯಾಸಕ್ಕೆಂದು ಹೇಳಿ, ಎರಡನ್ನೂ ತೊಟ್ಟಿಯಲ್ಲಿ ನೋಡಿದಳು. ಎರಡು ಗೆರೆಗಳು ಎರಡು ದಾರಿ ಹಿಡಿದವು.

ಈ ಸಂಗತಿ ಅವಳೊಬ್ಬಳಿಗೇ ಗೊತ್ತಿತ್ತು. ಬಾಟಲಿಯ ಮೇಲೆ ತಪ್ಪು ಹೋಗಿ ಆಗಿತ್ತು, ಬಾಟಲಿ ಖಾಲಿಯಾಗಿ ಹೋಗಿಯೂ ಆಗಿತ್ತು. ಅವಳು ಎಣ್ಣೆ ಹಚ್ಚುವುದು ಬಿಟ್ಟರೆ ಮುಂದಿನದೆಲ್ಲ ತಾನಾಗಿ ಸರಿಹೋಗುತ್ತಿತ್ತು. ಆದರೆ ಎಣ್ಣೆ ಹಚ್ಚಲು ಸುರು ಮಾಡಿದ್ದು ಆ ಬಾಟಲಿಗಿಂತ ಬಹಳ ಮೊದಲು, ನವೆಂಬರಿನಲ್ಲಿ. ಭಾರ್ಗವ ಉಳಿಸಿಕೊಂಡದ್ದರಲ್ಲೂ ಅದೇ ಕೊಳೆ ಇತ್ತು. ಆ ವಾರದ ರಜೆಯ ಎರಡು ದಿನ ಅವಳು ಕೋಣೆಯಲ್ಲೇ ಕಳೆದಳು. ತರಬೇತಿಯವಳನ್ನು ತೆಗೆದುಹಾಕಿದರೆ ವೀಸಾ ಹೋಗುತ್ತದೆ. ಸಿರುಗುಪ್ಪದಿಂದ ಒಂದು ಸಲ, ಜರ್ಮನಿಯಿಂದ ಇನ್ನೊಂದು ಸಲ ಗಂಟು ಹಿಡಿದು ಬಂದಳೆಂದು ಊರಿನವರು ಅನ್ನುತ್ತಾರೆ. ಅಮ್ಮನಿಗೆ ಫೋನು ಮಾಡಿದಳು. ಪಕೀರಮ್ಮ ಮಾತಿನ ನಡುವೆ ನಿಂತು ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಏನವ್ವಾ ಅಂದರೆ, “ಜರಾ ಹಿಡಿತೈತಿ, ಅಷ್ಟೇ” ಎಂದಳು. ಆ ಉಸಿರು ಕೇಳಿಯೇ ಮಹೇಶ್ವರಿ ಮನಸ್ಸು ಮಾಡಿದಳು ಎನ್ನಲಾಗದು. ಅವಳೂ ಹಾಗೆ ಹೇಳಿಕೊಳ್ಳುವುದಿಲ್ಲ.

ಸೋಮವಾರ ಬೆಳಗ್ಗೆ ಭಾರ್ಗವ ಚಹಾದ ಮೂಲೆಯಲ್ಲಿ ಒಬ್ಬನೇ ನಿಂತಿದ್ದ.

“ನಿಮ್ಮ ಹಳೇದೂ ಕೆಟ್ಟೈತ್ರಿ” ಎಂದಳು. “ಬಾಟ್ಲಿ ತಪ್ಪಲ್ಲ. ನಂದು.”

“ಏನು ಹೇಳ್ಲಿಕ್ಕತ್ತೀರಿ?”

“ಕೈ ಒಡದಾವಂತ ಔಡಲೆಣ್ಣಿ ಹಚ್ಕೊಂತಿದ್ನಿ. ಅದು ಗ್ಲೌಸಿಗೆ ಹತ್ತಿ, ಅಲ್ಲಿಂದ ಸೀಸೆ ಬಾಯಿಗೆ ಹತ್ತೈತಿ. ನಾ ಎರಡೂ ತರ ಮಾಡಿ ನೋಡೀನ್ರಿ. ಅದೇ.”

“ಯಾವಾಗಿಂದ?”

“ನವೆಂಬರದಾಗಿಂದ.”

ಭಾರ್ಗವ ಲೋಟ ಕೆಳಗಿಟ್ಟ. ಅಲ್ಲೇ ಮೆಟ್ಟಿಲ ಮೇಲೆ ಕೂತು ಕನ್ನಡಕ ತೆಗೆದ. ಸದ್ದಿಲ್ಲದೆ ಅತ್ತ. ಮಹೇಶ್ವರಿಗೆ ನಿಲ್ಲಬೇಕೋ ಹೋಗಬೇಕೋ ತಿಳಿಯಲಿಲ್ಲ. ನಿಂತಳು. ಅವನು ಕಣ್ಣೊರೆಸಿಕೊಂಡು ಎದ್ದು, ಜರ್ಮನ್ ಭಾಷೆಯಲ್ಲಿ, ಹೈಕೆಗೆ ಹೇಳಬೇಕು ಎಂದ.

ಹೈಕೆ ಇಬ್ಬರನ್ನೂ ಎದುರು ಕೂರಿಸಿಕೊಂಡು ಕೇಳಿದಳು. ಎರಡು ಗೆರೆಗಳನ್ನು ನೋಡಿದಳು. ಆಮೇಲೆ ಮಹೇಶ್ವರಿಯ ಕೈಗಳನ್ನು ತಿರುಗಿಸಿ ನೋಡಿ, ಇಂಥ ಕೈಗಳಿಂದ ಕೆಲಸ ಮಾಡಲು ಬಿಟ್ಟದ್ದು ತನ್ನ ತಪ್ಪು, ಒಡೆದ ಕೈಗೆ ಏನು ಮಾಡಬೇಕೆಂದು ಕಲಿಸದೇ ಇದ್ದದ್ದೂ ತನ್ನದೇ ಎಂದಳು. ವೈದ್ಯರ ಬಳಿ ಕಳಿಸಿದಳು. ಕೈ ಮಾಯುವವರೆಗೆ ತೊಟ್ಟಿಯ ಕೆಲಸದಿಂದ ತೆಗೆದಳು. ಕೆಲಸದಿಂದ ತೆಗೆಯುವ ಮಾತು ಬರಲಿಲ್ಲ. ಮಹೇಶ್ವರಿ ಎರಡು ದಿನ ಹೆದರಿದ್ದು ವ್ಯರ್ಥವಾಯಿತು.

ಭಾರ್ಗವನಿಗೆ ವ್ಯರ್ಥವಾದದ್ದು ಬೇರೆ. ಚಳಿಗಾಲದ ಕೆಲಸವೆಲ್ಲ ಹೋಯಿತು. ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಅವನಿಗೆ ಸ್ಥಾನ ಗೊತ್ತಾಗಿತ್ತು. ಮಳೆಗಾಲದೊಳಗೆ ಪದವಿ ಮುಗಿಸಿ ಬರಬೇಕೆಂಬ ಕರಾರು. ಅದು ತಪ್ಪಿಹೋಯಿತು. ಅವನು ಮಹೇಶ್ವರಿಯ ಮೇಲೆ ಕೂಗಾಡಲಿಲ್ಲ, ಯಾರ ಮುಂದೆಯೂ ದೂರಲಿಲ್ಲ. ಆದರೆ ಅಂದಿನಿಂದ ಅವಳೊಂದಿಗೆ ಕನ್ನಡ ಮಾತಾಡುವುದು ಬಿಟ್ಟ. ಎದುರಿಗೆ ಬಂದರೆ ಜರ್ಮನ್‌ನಲ್ಲಿ ನಮಸ್ಕಾರ, ಸೀಸೆ ಕೊಟ್ಟರೆ ಜರ್ಮನ್‌ನಲ್ಲಿ ಧನ್ಯವಾದ. ಊಟದ ಮೇಜಿನಲ್ಲಿ ಅದೇ ಜಾಗಕ್ಕೆ ಕೂಡುತ್ತಿದ್ದ, ಡಬ್ಬಿ ತೆಗೆಯುತ್ತಿದ್ದ, ಪಕ್ಕದವರೊಂದಿಗೆ ಇಂಗ್ಲಿಷು ಮಾತಾಡುತ್ತಿದ್ದ. ಅಷ್ಟು ಸಭ್ಯವಾಗಿ ತನ್ನನ್ನು ಯಾರೂ ದೂರ ಇಟ್ಟಿರಲಿಲ್ಲ ಎಂದು ಮಹೇಶ್ವರಿಗೆ ಅನ್ನಿಸುತ್ತಿತ್ತು. ಅವಳು ಹಾಗೆಯೇ ಉತ್ತರ ಕೊಡುತ್ತ ಹೋದಳು. ಅವಳ ಜರ್ಮನ್ ಆ ತಿಂಗಳುಗಳಲ್ಲಿ ಬಹಳ ಸುಧಾರಿಸಿತು.

ಬೇಸಿಗೆ ಬಂತು. ಕೈ ಮಾಯ್ದವು. ತೊಟ್ಟಿಗೆ ಅವಳನ್ನು ಮರಳಿ ಹಾಕಿದರು. ಭಾರ್ಗವ ಮೊದಲಿನಿಂದ ಸುರು ಮಾಡಿದ್ದ. ಅವನ ಪ್ರಯೋಗಗಳಿಗೆ ಮತ್ತೆ ಅವಳೇ ಸೀಸೆ ತೊಳೆದಳು. ಬೇರೆಯವರು ತೊಳೆಯಲಿ ಎಂದು ಅವನು ಕೇಳಬಹುದಿತ್ತು, ಕೇಳಲಿಲ್ಲ.

ಆಗಸ್ಟಿನಲ್ಲಿ ಊರಿನಿಂದ ಸುದ್ದಿ ಬಂತು. ಪಕೀರಮ್ಮನಿಗೆ ಉಸಿರು ಸಿಗದೆ ಆದೋನಿಯ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದರು. ಗೋವಿಂದಪ್ಪನಿಗೆ ಡಾಕ್ಟರರು ಹೇಳಿದ್ದು ಅರ್ಥವಾಗುತ್ತಿರಲಿಲ್ಲ. ಫೋನಿನಲ್ಲಿ ಏನು ಕೇಳಿದರೂ, ಮೂಗಿಗೆ ಏನೋ ಹಾಕ್ಯಾರ ಎಂದಷ್ಟೇ ಹೇಳುತ್ತಿದ್ದ. ಮಹೇಶ್ವರಿ ಹೈಕೆಯ ಬಳಿ ರಜೆ ಕೇಳುತ್ತಿದ್ದಾಗ ಭಾರ್ಗವ ಅಲ್ಲಿದ್ದ. ಅವನು ಹೊರಗೆ ಹೋಗಿ, ಸ್ವಲ್ಪ ಹೊತ್ತಿಗೆ ಮರಳಿ ಬಂದು ಅವಳ ಎದುರು ನಿಂತ.

“ಯಾವ ಆಸ್ಪತ್ರೆ ಹೇಳ್ರಿ. ನಮ್ಮಪ್ಪ ಹೊಂಟಾರ.”

ಎಷ್ಟೋ ತಿಂಗಳಿಗೆ ಅವನ ಬಾಯಿಂದ ಬಂದ ಮೊದಲ ಕನ್ನಡ ಅದು.

ಸೇತುಮಾಧವರು ಎಮ್ಮಿಗನೂರಿನ ಬಸ್ಸು ಹಿಡಿದು ಆದೋನಿಗೆ ಬಂದರು. ಪಂಚೆ ಉಟ್ಟು, ಹಣೆಯಲ್ಲಿ ಅಂಗಾರ ಅಕ್ಷತೆ ಇಟ್ಟುಕೊಂಡ ಹಿರಿಯರು ಆಸ್ಪತ್ರೆಯ ಮೊಗಸಾಲೆಯಲ್ಲಿ ಗೋವಿಂದಪ್ಪನನ್ನು ಹುಡುಕಿ, ಡಾಕ್ಟರರ ಕೋಣೆಗೆ ಕರೆದುಕೊಂಡು ಹೋಗಿ, ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ವಿಚಾರಿಸಿದರು. ಎದೆಯಲ್ಲಿ ನಂಜಾಗಿತ್ತು, ಹಳೆಯ ಹತ್ತಿದೂಳಿನ ಬಾಧೆಯೂ ಇತ್ತು. ನಂಜು ಇಳಿಯುತ್ತದೆ, ಬಾಧೆ ಉಳಿಯುತ್ತದೆ, ಮಿಲ್ಲಿಗೆ ಇನ್ನು ಹೋಗಕೂಡದು ಎಂದು ಡಾಕ್ಟರರು ಹೇಳಿದರು. ಸೇತುಮಾಧವರು ಅದನ್ನು ಗೋವಿಂದಪ್ಪನಿಗೆ ಬಿಡಿಸಿ ಹೇಳಿ, ಜರ್ಮನಿಗೂ ಫೋನು ಮಾಡಿ ಹೇಳಿದರು. ಸಂಜೆಯ ಬಸ್ಸಿನವರೆಗೆ ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. ಗೋವಿಂದಪ್ಪ ಚಹಾ ತಂದುಕೊಟ್ಟರೆ, ಬ್ಯಾಡಪಾ ಎಂದು ಕೈ ಮುಗಿದರು. ನೀರೂ ಕುಡಿಯಲಿಲ್ಲ. ಮರುದಿನವೂ ಬಂದರು.

ಪಕೀರಮ್ಮ ಚೇತರಿಸಿಕೊಂಡಳು. ಮಿಲ್ಲಿಗೆ ಹೋಗುವುದು ನಿಂತಿತು. ಭಾರ್ಗವನ ಕನ್ನಡ ಮತ್ತೆ ನಡೆಯಿತು, ಆದರೆ ಮೊದಲಿನಷ್ಟು ಧಾರಾಳವಾಗಿ ಅಲ್ಲ. ಮುಂದಿನ ವರ್ಷ ಅವನು ಪದವಿ ಮುಗಿಸಿ ತಿರುಪತಿಯ ಒಂದು ಕಾಲೇಜಿಗೆ ಅಧ್ಯಾಪಕನಾಗಿ ಹೋದ. ಅವನ ಪ್ರಬಂಧದಲ್ಲಿ, ದೂಳು ಪೊರೆಯನ್ನು ಮೊದಲು ತಿಳಿದಷ್ಟು ಕೆಡಿಸುವುದಿಲ್ಲ ಎಂದಿತ್ತು. ಅದು ನಿಜವಾಗಿತ್ತು, ಯಾರ ಗಮನವನ್ನೂ ಹೆಚ್ಚು ಸೆಳೆಯಲಿಲ್ಲ. ಮಹೇಶ್ವರಿ ತರಬೇತಿಯ ಕೊನೆಯ ಪರೀಕ್ಷೆ ಪಾಸು ಮಾಡಿದಳು. ಸಂಸ್ಥೆ ಅವಳನ್ನು ಕೆಲಸಕ್ಕೆ ಇಟ್ಟುಕೊಂಡಿತು.

ಅದಾದ ಮೇಲೆ ಮೊದಲ ಸಲ ರಜೆಯಲ್ಲಿ ಊರಿಗೆ ಬಂದಾಗ ಅವಳು ಸೇತುಮಾಧವರನ್ನು ಕಂಡು ಬರಲು ಮಂತ್ರಾಲಯಕ್ಕೆ ಹೋದಳು. ಜರ್ಮನಿಯಿಂದ ತಂದ ಚಾಕಲೇಟು ಅವರ ಮನೆಗೆ ನಡೆಯಲಿಕ್ಕಿಲ್ಲವೆಂದು ಬಿಟ್ಟು, ಆದೋನಿಯ ಮಾರ್ಕೆಟ್ಟಿನಲ್ಲಿ ಬಾಳೆಹಣ್ಣು ಮತ್ತು ದ್ರಾಕ್ಷಿ ಕೊಂಡಳು. ಭಾರ್ಗವ ತಿರುಪತಿಯಲ್ಲಿದ್ದ. ಮಠದ ಹಿಂದಿನ ಓಣಿಯಲ್ಲಿ ಮನೆ. ಸೇತುಮಾಧವರು ಬಾಗಿಲಿಗೇ ಬಂದು ಕರೆದರು, ಅಮ್ಮನ ಆರೋಗ್ಯ ಕೇಳಿದರು. ಉಂಡೇ ಹೋಗಬೇಕೆಂದು ಹೇಳಿ, ತಾವು ಒಳಗೆ ಊಟಕ್ಕೆ ಕೂತರು. ಅವಳಿಗೆ ಹೊರಗಿನ ಪಡಸಾಲೆಯಲ್ಲಿ ಚಾಪೆ ಹಾಕಿ ಎಲೆ ಇಟ್ಟರು. ಭಾರ್ಗವನ ತಾಯಿ ಜಯಾಬಾಯಿ ಮಡಿಯ ಒದ್ದೆ ಸೀರೆಯಲ್ಲಿ ಒಳಗಿನಿಂದ ಒಂದೊಂದೇ ತಂದು, ತುಸು ಎತ್ತರದಿಂದ ಬಡಿಸಿದರು. ಹುಳಿ, ಕೋಸಂಬರಿ, ಹಯಗ್ರೀವ. ಬಹಳ ಒತ್ತಾಯ ಮಾಡಿದರು. ಮಹೇಶ್ವರಿ ಹೊಟ್ಟೆ ತುಂಬ ಉಂಡು, ಎಲೆ ತಾನೇ ಎತ್ತಿ, ನೆಲ ಒರೆಸಿದಳು. ಯಾರೂ ಹೇಳಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ.

ಊಟವಾದ ಮೇಲೆ ಜಯಾಬಾಯಿ ಒಣ ಸೀರೆ ಉಟ್ಟು ಬಂದು ಹೊಸ್ತಿಲ ಈಚೆ, ಅವಳ ಹತ್ತಿರವೇ ಕೂತರು. ಅಲ್ಲಿ ಚಳಿ ಎಷ್ಟು, ಮಗ ಅನ್ನ ಸರಿಯಾಗಿ ಬೇಯಿಸಿಕೊಳ್ಳುತ್ತಿದ್ದನೇ, ಎಲ್ಲ ವಿಚಾರಿಸಿದರು. ಆಮೇಲೆ ದನಿ ತಗ್ಗಿಸಿದರು.

“ಒಂದು ವರ್ಷ ಅವನ ದನಿನೇ ಬ್ಯಾರೆ ಆಗಿತ್ತು ನೋಡವಾ. ಕೇಳಿದ್ರ ಏನಿಲ್ಲ ಅಂತಿದ್ದ. ನೀ ಅಲ್ಲೇ ಇದ್ದಿ. ಏನಾಗಿತ್ತು?”

ಮಹೇಶ್ವರಿ ಒಳಗೆ ನೋಡಿದಳು. ಸೇತುಮಾಧವರು ಮಲಗಿದ್ದರು.

“ಅದು ನನ್ನಿಂದ ಆದದ್ರಿ” ಎಂದಳು. ಎಣ್ಣೆಯ ಕತೆಯನ್ನು ಮೊದಲಿನಿಂದ ಹೇಳಿದಳು. ಮೆಟ್ಟಿಲ ಮೇಲೆ ಕೂತು ಅತ್ತದ್ದನ್ನೂ ಹೇಳಿದಳು.

ಜಯಾಬಾಯಿ ನಡುವೆ ಮಾತಾಡದೆ ಕೇಳಿದರು. “ಹಂಗಂದ್ರ ಬೆಂಗಳೂರಿನ ಕೆಲಸ ತಪ್ಪಿದ್ದು ನಿನ್ನ ಸಲುವಾಗಿ.”

“ಹೌದ್ರಿ.”

ಜಯಾಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಬೆಂಗಳೂರಿಗೆ ಹೋದ ಮಕ್ಕಳು ವರ್ಷಕ್ಕೊಮ್ಮೆ ಆರಾಧನೆಗೆ ಬಂದು ಹೋಗುತ್ತಾರೆ, ಅದನ್ನು ತಾವು ಈ ಓಣಿಯಲ್ಲೇ ನೋಡಿದ್ದೇವೆ ಎಂದರು. ಭಾರ್ಗವ ತಿರುಪತಿಯಿಂದ ತಿಂಗಳಿಗೊಮ್ಮೆ ರೈಲು ಹತ್ತಿ ಬರುತ್ತಾನೆ, ಎರಡು ದಿನ ಇದ್ದು ಹೋಗುತ್ತಾನೆ. ಬಂದಾಗಲೆಲ್ಲ ಬೆಂಗಳೂರು ತಪ್ಪಿತೆಂದು ಪೇಚಾಡುತ್ತಾನೆ.

“ನಾನೂ ಅವನ ಸಂಗಟ ಅಯ್ಯೋ ಅಂತೀನಿ” ಎಂದರು. “ಖರೇ ಹೇಳಬೇಕಂದ್ರ ನನಗ ಸಂತೋಷನೇ ಆಗೇದ. ಇದನ್ನ ಅವಗ ಹೇಳಬ್ಯಾಡ.”

“ಇಲ್ರಿ” ಎಂದಳು ಮಹೇಶ್ವರಿ.

ತಾನು ಮಾಡಿದ ತಪ್ಪಿನಿಂದ ಒಬ್ಬರಿಗೆ ಒಳ್ಳೆಯದಾಯಿತೆಂದರೆ ಹಗುರಾಗಬೇಕಿತ್ತು. ಮಹೇಶ್ವರಿಗೆ ಹಾಗೇನೂ ಆಗಲಿಲ್ಲ. ಮೆಟ್ಟಿಲ ಮೇಲೆ ಅತ್ತವನು ಭಾರ್ಗವ, ಸಂತೋಷ ಪಟ್ಟವರು ಅವನ ತಾಯಿ. ಒಂದನ್ನು ಇನ್ನೊಂದಕ್ಕೆ ಜಮಾ ಮಾಡಲು ಬರುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಹೊರಡುವಾಗ ಜಯಾಬಾಯಿ ಕುಂಕುಮ ಕೊಟ್ಟರು. ಅಂಗೈಗೆ ಹಾಕಲಿಲ್ಲ, ಬಟ್ಟಲನ್ನು ಮುಂದೆ ಇಟ್ಟರು, ಅವಳು ತೆಗೆದುಕೊಂಡಳು. ಪಕೀರಮ್ಮನಿಗೆಂದು ಪರಿಮಳ ಪ್ರಸಾದದ ಪೊಟ್ಟಣವನ್ನೂ ಕೊಟ್ಟರು.

ಬಸ್ಸು ಎಮ್ಮಿಗನೂರು ದಾಟಿ ಆದೋನಿಗೆ ಬರುವಾಗ ಹತ್ತಿಯ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಅಲ್ಲಿಂದ ಆಟೋ ಹಿಡಿದು ಹೊತ್ತು ಮುಳುಗುವ ಮುಂಚೆ ಮನೆ ಸೇರಿದಳು. ಪಕೀರಮ್ಮ ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ಪ್ರಸಾದ ಕಣ್ಣಿಗೊತ್ತಿಕೊಂಡು, ಏನೇನು ಅಡಿಗೆ ಮಾಡಿದ್ದರೆಂದು ಕೇಳಿದಳು. ಮಗಳು ಹೇಳಿದಳು.

“ಎಲ್ಲಿ ಕುಂದ್ರಿಸಿದ್ರು?”

“ಪಡಸಾಲ್ಯಾಗ.”

ಪಕೀರಮ್ಮ ಒಂದೆರಡು ಕಾಯಿ ಸುಲಿದಳು. ಅವಳಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ.

“ಫ್ಯಾನ್ ಇತ್ತಾ?”

“ಇತ್ತವ್ವಾ.”

“ಚಲೋ ಆತು ಬಿಡು. ಅವರ ಯಜಮಾನ್ರು ನನ್ನ ಸಲುವಾಗಿ ಎರಡು ದಿನ ಬೆಂಚಿನ ಮ್ಯಾಲೆ ಕುಂತಿದ್ರು, ಪಾಪ. ಅಲ್ಲಿ ಫ್ಯಾನೂ ಇದ್ದಿಲ್ಲ.”

ಮಹೇಶ್ವರಿ ಕಾಲು ತೊಳೆದುಕೊಂಡು ಬಂದು ಅಮ್ಮನ ಎದುರು ಕೂತು, ಶೇಂಗಾದ ರಾಶಿಯನ್ನು ತನ್ನ ಕಡೆಗೂ ಸ್ವಲ್ಪ ಎಳೆದುಕೊಂಡಳು.